ತಂದೆಯವರ ಪೆಟ್ಟಿಗೆ

ನನ್ನ ಬಲ ಮೊಣಕಾಲಿಗೂ ತಂದೆಯವರ ಕಾಲು ಹಾರ್ಮೋನಿಯಮಿಗೂ ಕಳೆದ ವರ್ಷ ಜಗಳ ಹತ್ತಿತು. ಕಾಲು ತಿದಿಯೊತ್ತಿದರೆ ಎರಡು ಕೈಗೂ ಸ್ವರದ ಮನೆಗಳ ಮೇಲೆ ಓಡಾಡಲು ಬಿಡುವು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮಿಗೆ ಬಾಗಿಲು ಹಾಕಿದ್ದಾಗಲೂ ನಾಟಕದ ಕಂಪನಿಗಳು ಅದನ್ನು ಕೈಬಿಡಲಿಲ್ಲ. ತಂದೆಯವರು ಆ ಪೆಟ್ಟಿಗೆಯೊಡನೆ ಊರೂರು ಅಲೆದವರು.

ಶಿವಮೊಗ್ಗದ ಮನೆಗೆ ಬಂದವರೆಲ್ಲ, "ಕೈಪೆಟ್ಟಿಗೆ ಕೊಳ್ಳಿ" ಎಂದರು. ಮನಸ್ಸು ಒಪ್ಪಲಿಲ್ಲ. ಬಸ್ಸಿಗೆ ಹಾಕಿಕೊಂಡು ಭದ್ರಾವತಿಗೆ ಒಯ್ದೆ. 1923ರಲ್ಲೇ ಕಬ್ಬಿಣ ಕರಗಿಸಿದ ಊರಲ್ಲವೆ! ಅಲ್ಲಿ ನನಗೆ ಪರಿಚಿತರಾದ ನಿವೃತ್ತ ಫಿಟ್ಟರೊಬ್ಬರಿದ್ದಾರೆ.

ಅವರು ಪೆಡಲನ್ನು ಎರಡು ಸಲ ಒತ್ತಿ ನೋಡಿದರು. ತುದಿಗೆ ಸಿಕ್ಕಿಸಿದ್ದ ಸರಳನ್ನು ಹಿಮ್ಮಡಿಯ ಕೀಲಿನತ್ತ, ನಡುವಿಗೆ ಸರಿಸಿದರೆ ಭಾರ ಅರ್ಧಕ್ಕಿಳಿಯುತ್ತದಂತೆ. ಅದಕ್ಕೆ ಹೊಸ ತೂತು ಕೊರೆಯಬೇಕು. ತಂದೆಯವರ ಪಾದ ಸವೆಸಿದ ಮರ! ನಾನು ಹಿಂಜರಿದೆ.

"ಹಳೇ ತೂತು ಹಾಗೇ ಇರುತ್ತೆ, ಮೇಷ್ಟ್ರೇ. ಆದರೆ ತುಳಿತ ಹಗುರಾದರೆ ಗಾಳೀನೂ ಅರ್ಧ. ಎರಡು ಸಲ ತುಳೀಬೇಕು."

ರಾತ್ರಿ ನುಡಿಸಿದೆ. ತಂದೆಯವರ ಒಂದು ತುಳಿತಕ್ಕೆ ನನ್ನವು ಎರಡು. ಕಾಲು ನೋಯಲಿಲ್ಲ. ಅಡಿಗೆಮನೆಯಿಂದ ನನ್ನಾಕೆ ಕೇಳಿದಳು: "ಮಾವನವರ ಪೆಟ್ಟಿಗೇನಾ ಅದು?"

"ಹೌದು" ಎಂದೆ. ದನಿ ಅವರದೇ, ಹೆಜ್ಜೆ ಮಾತ್ರ ನನ್ನದು.