ಕಾಯವಿದ್ದರೆ ಕಾಯಕ: ವೈದ್ಯ ಸಂಗಣ್ಣನವರ ಅರಿವು ಮತ್ತು ರಕ್ತದೊತ್ತಡ

ಹನ್ನೆರಡನೆಯ ಶತಮಾನದ ಶಿವಶರಣರ ಸಮೂಹದಲ್ಲಿ ಸಮಾಜಕ್ಕೆ ಬೇಕಾದ ಕಾಯಕಗಳೆಲ್ಲವೂ ಗೌರವದ ಸ್ಥಾನ ಪಡೆದಿದ್ದವು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ಮಡಿವಾಳ ಮಾಚಯ್ಯನವರು ಬಟ್ಟೆ ಮಡಿ ಮಾಡಿದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಅವರ ಸಾಲಿನಲ್ಲಿಯೇ ವೈದ್ಯ ಸಂಗಣ್ಣನವರೂ ನಿಲ್ಲುತ್ತಾರೆ. ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಈ ಶರಣರು ವೃತ್ತಿಯಿಂದ ವೈದ್ಯರು. ರೋಗ, ಔಷಧ, ಪಥ್ಯ ಎಂಬ ತಮ್ಮ ಕಾಯಕದ ಪರಿಭಾಷೆಯನ್ನೇ ಬಳಸಿಕೊಂಡು ಅವರು ಭವರೋಗದ ವಿಚಾರವನ್ನು ತಿಳಿಸಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಆಸ್ಪದವುಂಟು. ಭವರೋಗಕ್ಕೆ ಲಿಂಗಭಕ್ತಿಯೇ ಮದ್ದೆಂದು ವೈದ್ಯರೊಬ್ಬರೇ ಸಾರಿದ ಮೇಲೆ ದೇಹದ ರೋಗಕ್ಕೆ ಮದ್ದಿನ ಹಂಗೇಕೆ ಎಂದು ಕೆಲವು ಸದ್ಭಕ್ತರು ಕೇಳುವುದುಂಟು. ಆದರೆ ಸಂಗಣ್ಣನವರು ಶರಣರಾದ ಬಳಿಕ ‘ವೈದ್ಯ’ ಎಂಬ ವಿಶೇಷಣವನ್ನು ತೊರೆದು ಬೇರೆ ಹೆಸರಿನಿಂದ ಪ್ರಸಿದ್ಧರಾಗಲಿಲ್ಲ. ದೇಹದ ಚಿಕಿತ್ಸೆ ನಿರರ್ಥಕವಾದ ಕೆಲಸವಾಗಿದ್ದರೆ ಅದು ಕಾಯಕವೆನಿಸುತ್ತಲೇ ಇರಲಿಲ್ಲ. ಚಿಕಿತ್ಸೆ ಮಾಡುವುದು ಒಬ್ಬರ ಕಾಯಕವಾದರೆ ಆ ಚಿಕಿತ್ಸೆಯನ್ನು ಶ್ರದ್ಧೆಯಿಂದ ಅನುಸರಿಸುವುದು ಇನ್ನೊಬ್ಬರ ವ್ರತವಾಗಬೇಕಲ್ಲವೇ? ಈ ಪ್ರಶ್ನೆಯು ಇಂದು ಮೊಳಕಾಲ್ಮೂರು ಸೀಮೆಯ ಮನೆಮನೆಗಳಲ್ಲಿ ಅತ್ಯಂತ ಪ್ರಸ್ತುತವಾಗಿದೆ.

ಚಿತ್ರದುರ್ಗ ಜಿಲ್ಲೆಯ ಈ ಅಂಚಿನ ತಾಲ್ಲೂಕು ಕೈಮಗ್ಗದ ರೇಷ್ಮೆ ಸೀರೆಗೆ ಹೆಸರಾದುದು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಜೇಡರ ದಾಸಿಮಯ್ಯನವರ ಕಾಯಕವಾದ ನೇಯ್ಗೆಯನ್ನು ಇಲ್ಲಿನ ಕುಟುಂಬಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಆದರೆ ಸೀರೆಗೆ ಇರುವ ಕೀರ್ತಿ ನೇಯುವ ಕೈಗೆ ನೆಮ್ಮದಿಯನ್ನು ತಂದಿಲ್ಲ. ರೇಷ್ಮೆ ಮತ್ತು ಜರಿಯ ಬೆಲೆ ಏರಿದಾಗ, ವಿದ್ಯುತ್ ಮಗ್ಗದ ಸೀರೆ ಅಗ್ಗವಾಗಿ ಬಂದಾಗ ಕೈಮಗ್ಗದ ಕೂಲಿ ತತ್ತರಿಸುತ್ತದೆ. ಪಕ್ಕದ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬಿತ್ತಿದ ರೈತನದೂ ಇಂತಹುದೇ ಪಾಡು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಮಳೆ ಕೈಕೊಟ್ಟ ವರ್ಷ ಬೀಜದ ಸಾಲವೇ ತಲೆಯ ಮೇಲಿನ ಹೊರೆಯಾಗುತ್ತದೆ. ಮಗಳ ಮದುವೆ, ಮಗನ ಓದು, ಸಾಲದ ಕಂತು ಎಂಬ ಚಿಂತೆಗಳು ರಾತ್ರಿಯ ನಿದ್ರೆಯನ್ನು ಕಸಿಯುತ್ತವೆ. ಇಂತಹ ಮನೆಗೆ ರಕ್ತದೊತ್ತಡವೆಂಬ ಅತಿಥಿ ಕರೆಯದೆಯೇ ಬಂದು ನೆಲೆಸುತ್ತದೆ.

ಈ ವ್ಯಾಧಿಯ ಸ್ವರೂಪವನ್ನು ಸದ್ಭಕ್ತರು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಹೃದಯವು ಸಂಕುಚಿಸಿ ರಕ್ತವನ್ನು ತಳ್ಳುವಾಗ ನಾಳದ ಗೋಡೆಗಳ ಮೇಲೆ ಬೀಳುವ ಒತ್ತಡವು ಮೇಲಿನ ಸಂಖ್ಯೆ. ಹೃದಯವು ಸಡಿಲಗೊಂಡಾಗ ಉಳಿಯುವ ಒತ್ತಡವು ಕೆಳಗಿನ ಸಂಖ್ಯೆ. 120/80ರ ಆಸುಪಾಸು ಸಹಜವೆನಿಸುತ್ತದೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸುತ್ತಾರೆ. ಇದರ ಅಪಾಯವೆಲ್ಲ ಇದರ ಮೌನದಲ್ಲಿದೆ. ಜ್ವರದಂತೆ ಮೈ ಸುಡುವುದಿಲ್ಲ, ಗಾಯದಂತೆ ನೋಯುವುದಿಲ್ಲ. ಬಹುಪಾಲು ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದರೆ ವರ್ಷಗಳು ಕಳೆದಂತೆ ಹೃದಯ, ಮೂತ್ರಪಿಂಡ, ಕಣ್ಣು, ಮೆದುಳುಗಳ ನಾಳಗಳು ಒಳಗೊಳಗೇ ಜೀರ್ಣವಾಗುತ್ತವೆ. ಒಂದು ದಿನ ಲಕ್ವ ಹೊಡೆದು ಲಾಳಿ ಎಸೆಯುವ ಕೈ ಎತ್ತಲಾರದಂತಾದಾಗ ಮಾತ್ರ ಮನೆಯವರಿಗೆ ವ್ಯಾಧಿಯ ಅರಿವಾಗುತ್ತದೆ.

ಔಷಧ ಇಲ್ಲವೆಂಬ ಕಾರಣಕ್ಕೆ ಹೀಗಾಗುವುದು ಕಡಿಮೆ. ಶುರುಮಾಡಿದ ಔಷಧವನ್ನು ನಡುವೆ ಬಿಡುವುದರಿಂದ ಆಗುವುದೇ ಹೆಚ್ಚು. ಬಡಮನೆಯ ಯಜಮಾನನು ಮಾತ್ರೆ ಬಿಡುವ ರೀತಿಯನ್ನು ಗಮನಿಸಿದರೆ ಕರುಳು ಚುರ್ರೆನ್ನುತ್ತದೆ. ಸೀರೆಯ ಕೂಲಿ ಕೈಗೆ ಬಾರದ ತಿಂಗಳು ಆತನು ಮೊದಲು ಕಡಿಮೆ ಮಾಡುವುದು ಮಕ್ಕಳ ಹಾಲನ್ನಲ್ಲ, ಹೆಂಡತಿಯ ಅಕ್ಕಿಯನ್ನಲ್ಲ; ತನ್ನ ಮಾತ್ರೆಯನ್ನು. ದಿನಕ್ಕೊಂದು ಎಂದಿದ್ದುದು ದಿನ ಬಿಟ್ಟು ದಿನಕ್ಕೊಂದಾಗುತ್ತದೆ, ಕೊನೆಗೆ ತಲೆ ಸುತ್ತಿದ ದಿನಕ್ಕೊಂದಾಗುತ್ತದೆ. ಯಾರಾದರೂ ಕೇಳಿದರೆ ‘ಈಗ ಆರಾಮಾಗಿದ್ದೀನಿ, ಮಾತ್ರೆ ಯಾಕೆ’ ಎಂಬ ಉತ್ತರ ಬರುತ್ತದೆ. ಆರಾಮವೆನಿಸಿದ್ದು ಮಾತ್ರೆಯ ಫಲವೆಂಬುದು ಮರೆತುಹೋಗುತ್ತದೆ. ಮಾತ್ರೆ ನಿಂತಾಗ ಒತ್ತಡವು ಮತ್ತೆ ಏರುತ್ತದೆ, ಸದ್ದಿಲ್ಲದೆ ಏರುತ್ತದೆ.

ಆತನ ಮನಸ್ಸಿನಲ್ಲಿ ಇದು ತ್ಯಾಗ. ಮನೆಯವರಿಗಾಗಿ ತನ್ನನ್ನು ತಾನು ಕಡೆಗಣಿಸಿದ ಆ ಪ್ರೀತಿಯನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೂ ಶರಣರ ತಕ್ಕಡಿಯಲ್ಲಿ ಇದನ್ನು ತೂಗಿ ನೋಡಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಿರುಗಿಸಿ ಬರುವಂತೆ ಹೇಳಿದ ಕಥೆ ಎಲ್ಲರಿಗೂ ತಿಳಿದುದೇ. ಈ ಕಥೆಯನ್ನು ಅತಿಯಾಸೆಯ ನಿಷೇಧವೆಂದು ವ್ಯಾಖ್ಯಾನಿಸುವುದು ರೂಢಿ. ಇದರೊಳಗೆ ಇನ್ನೊಂದು ಅರ್ಥವೂ ಅಡಗಿದೆ. ಇಂದಿಗೆ ಬೇಕಾದುದು ಎಷ್ಟು ಎಂಬ ಅಳತೆಯನ್ನು ಲಕ್ಕಮ್ಮನವರು ಬಲ್ಲರು. ಅಳತೆ ಬಲ್ಲವರು ಹೆಚ್ಚನ್ನು ಒಪ್ಪದಂತೆ, ಬೇಕಾದುದರಲ್ಲಿ ಕೊರತೆಯನ್ನೂ ಒಪ್ಪಲಾರರು. ದೇಹಕ್ಕೆ ಅವಶ್ಯವಾದ ಮಾತ್ರೆಯನ್ನು ಕತ್ತರಿಸಿ ಉಳಿಸಿದ ಹಣವು ಅಳತೆಯ ಉಳಿತಾಯವಲ್ಲ, ನಾಳೆಯ ಮೇಲೆ ಮಾಡಿದ ಸಾಲ. ಆ ಸಾಲ ತೀರಿಸುವ ದಿನ ಬಳ್ಳಾರಿಗೋ ದಾವಣಗೆರೆಗೋ ರೋಗಿಯನ್ನು ಹೊತ್ತೊಯ್ಯಬೇಕಾಗುತ್ತದೆ. ಒಬ್ಬನ ಹಾಸಿಗೆಯ ಬಳಿ ಇನ್ನೊಬ್ಬರು ಕೂಲಿ ಬಿಟ್ಟು ಕೂರಬೇಕಾಗುತ್ತದೆ. ಕಡೆಗೆ ಮಗ್ಗವನ್ನೇ ಮಾರುವ ಮಾತು ಬರುತ್ತದೆ.

ದೇಹವನ್ನು ದೇಗುಲವೆಂದು ಕಂಡವರು ಬಸವಣ್ಣನವರು. ಕಲ್ಲಿನ ದೇಗುಲದ ಗೋಡೆ ಬಿರುಕು ಬಿಟ್ಟರೆ ಊರಿಗೆ ಊರೇ ಗಾರೆ ಹೊತ್ತು ಬರುತ್ತದೆ. ಇಷ್ಟಲಿಂಗವನ್ನು ಧರಿಸಿದ ಈ ಕಾಯದ ನಾಳಗಳು ಬಿರುಕು ಬಿಡುವಾಗ ಸುಮ್ಮನಿರುವುದು ಯಾವ ಭಕ್ತಿ? ಲಿಂಗಯ್ಯನೇ ನೋಡಿಕೊಳ್ಳುತ್ತಾನೆಂದು ಮಾತ್ರೆ ಬಿಡುವವನು, ಶಿವನೇ ನೇಯುತ್ತಾನೆಂದು ಮಗ್ಗದಿಂದ ಎದ್ದು ಹೋಗುವುದಿಲ್ಲ. ಕೈ ಮಾಡಬೇಕಾದುದನ್ನು ಕೈಯೇ ಮಾಡಬೇಕೆಂಬುದು ಕಾಯಕತತ್ತ್ವದ ಮೂಲ. ಬೆಳಗಿನ ಲಿಂಗಪೂಜೆ ಮುಗಿದೊಡನೆ ವೈದ್ಯರು ಹೇಳಿದ ಮಾತ್ರೆಯನ್ನು ತೆಗೆದುಕೊಳ್ಳುವ ಅಭ್ಯಾಸವಿಟ್ಟುಕೊಂಡರೆ ಪೂಜೆ ತಪ್ಪದ ಮನೆಯಲ್ಲಿ ಮಾತ್ರೆಯೂ ತಪ್ಪುವುದಿಲ್ಲ. ವೈದ್ಯರು ಬೇರೆ ಹೊತ್ತನ್ನು ಸೂಚಿಸಿದ್ದರೆ ಸಂಜೆಯ ಪೂಜೆಗೆ ಅದನ್ನು ಹೊಂದಿಸಿಕೊಳ್ಳಬಹುದು.

ಪ್ರಸಾದತತ್ತ್ವವೂ ಇಲ್ಲಿ ನೆರವಿಗೆ ಬರುತ್ತದೆ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವವನಿಗೆ ನಾಲಗೆಯ ಚಪಲ ಮುಖ್ಯವಲ್ಲ. ದಿನವೊಂದಕ್ಕೆ ಒಬ್ಬ ವಯಸ್ಕನಿಗೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುದ್ದೆಯ ಜೊತೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಖಾರ ತಿಂಡಿಗಳಲ್ಲಿಯೇ ಇದು ಮೀರಿಹೋಗುತ್ತದೆ. ಉಪ್ಪು ತಗ್ಗಿಸುವುದಕ್ಕೆ ಒಂದು ಕಾಸೂ ಖರ್ಚಿಲ್ಲ. ತಂಬಾಕು, ಬೀಡಿ, ಮದ್ಯಗಳನ್ನು ಬಿಟ್ಟರೆ ಖರ್ಚಿನ ಬದಲು ಉಳಿಕೆಯೇ ಆಗುತ್ತದೆ. ದಿನವಿಡೀ ಮಗ್ಗದ ಮುಂದೆ ಕುಳಿತವರು ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆಯುವುದಕ್ಕೂ ಹಣ ಬೇಡ. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಏಕಾಗ್ರತೆಯಿಂದ ಕುಳಿತ ಆ ಸ್ವಲ್ಪ ಹೊತ್ತು ಚಿಂತೆಗಳಿಂದ ಮನಸ್ಸಿಗೆ ಬಿಡುವು ದೊರಕುತ್ತದೆ. ಆದರೆ ಇವೆಲ್ಲವೂ ಮಾತ್ರೆಗೆ ಜೊತೆಯಾಗಬೇಕೇ ಹೊರತು ವೈದ್ಯರನ್ನು ಕೇಳದೆ ಮಾತ್ರೆಯ ಸ್ಥಾನಕ್ಕೆ ಬರಬಾರದು.

ಖರ್ಚಿನ ಮಾತಿಗೆ ಬಂದರೆ, ತಿಳಿಯದ ಕಾರಣದಿಂದಲೇ ಅನೇಕರು ಹೆಚ್ಚು ಹಣ ತೆರುತ್ತಿದ್ದಾರೆ. ಸಾಂಕ್ರಾಮಿಕವಲ್ಲದ ರೋಗಗಳ ನಿಯಂತ್ರಣಕ್ಕಾಗಿ 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡದ ತಪಾಸಣೆ ಮತ್ತು ಮಾತ್ರೆಗಳು ಉಚಿತ. 30 ವರ್ಷ ಮೀರಿದ ಪ್ರತಿಯೊಬ್ಬರೂ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದು ಅದರ ಆಶಯ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳಲ್ಲಿ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂತಹ ಮಾತ್ರೆಗಳು ಹೆಸರಾಂತ ಕಂಪನಿಗಳ ಬೆಲೆಗಿಂತ ಬಹಳ ಕಡಿಮೆಗೆ ದೊರೆಯುತ್ತವೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಆಸರೆಯಾಗಿದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ದೊಡ್ಡ ಚಿಕಿತ್ಸೆಗೆ. ನಿತ್ಯದ ಮಾತ್ರೆ ತಪ್ಪಿಸಿಕೊಂಡು ಕಾರ್ಡನ್ನು ನೆಚ್ಚಿ ಕೂರುವುದು ವಿವೇಕವಲ್ಲ.

ಮಾತ್ರೆ ಉಚಿತವಾದರೂ ಹಳ್ಳಿಯಿಂದ ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೂಲಿಯ ನಷ್ಟ ಉಚಿತವಲ್ಲ. ದಾಸೋಹದ ಸ್ಥಾನ ಇರುವುದು ಇಲ್ಲಿಯೇ. ಅನ್ನದಾಸೋಹದಲ್ಲಿ ನಾಡಿನ ಮಠಗಳು ಹಿಂದೆ ಬಿದ್ದಿಲ್ಲ. ಒಂದು ಓಣಿಯ ನಾಲ್ಕು ಮನೆಯವರು ಸರದಿಯಂತೆ ಆಸ್ಪತ್ರೆಗೆ ಹೋಗಿ ಉಳಿದವರ ಮಾತ್ರೆಯನ್ನೂ ವೈದ್ಯರ ಒಪ್ಪಿಗೆಯಿಂದ ತರಬಹುದಾದರೆ ಅದೂ ದಾಸೋಹ. ಜಾತ್ರೆಯ ದಿನ, ಶರಣರ ಜಯಂತಿಯ ದಿನ ಒತ್ತಡ ಅಳೆಯುವ ಯಂತ್ರವೊಂದನ್ನು ಮಂಟಪದ ಪಕ್ಕದಲ್ಲಿರಿಸಿ ದಾದಿಯರನ್ನು ಕರೆಸಿದರೆ ಅದೂ ದಾಸೋಹ. ಅಳೆಯುವ ಮುನ್ನ ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಶಾಂತವಾಗಿ ಕೂರಬೇಕು, ಅರ್ಧ ಗಂಟೆ ಮೊದಲಿನಿಂದ ಚಹಾ, ಬೀಡಿ ಬೇಡ, ತೋಳು ಹೃದಯದ ಮಟ್ಟದಲ್ಲಿರಬೇಕು ಎಂಬುದನ್ನು ಭಕ್ತರಿಗೆ ತಿಳಿಸಿಕೊಟ್ಟರೆ ಅದು ಅರಿವಿನ ದಾಸೋಹ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನಗಳು ತಂದೆತಾಯಿಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದು ಬೋಧಿಸುತ್ತವೆ. ದುಡಿಯಲು ಬೆಂಗಳೂರಿಗೆ ಹೋದ ಮಕ್ಕಳು ಊರಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಎಂದು ಕೇಳುವುದರ ಜೊತೆಗೆ ‘ಅಪ್ಪಾಜಿ, ಇವತ್ತಿನ ಮಾತ್ರೆ ತಗೊಂಡ್ರಾ’ ಎಂದೂ ಕೇಳಿದರೆ ಆ ಕಲ್ಲಿನ ನುಡಿ ಮನೆಯೊಳಗೆ ಬಂದಂತೆ. ಕೇಳಿದಾಗ ತಂದೆಯೂ ಸತ್ಯವನ್ನೇ ಹೇಳಬೇಕು. ಮಾತ್ರೆ ಮುಗಿದು ಹತ್ತು ದಿನವಾಯಿತು, ಕೈಯಲ್ಲಿ ಹಣವಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಅವಮಾನವಿಲ್ಲ. ಹೇಳದೆ ಮುಚ್ಚಿಟ್ಟಾಗ ಮಾತ್ರ ಮನೆಯವರ ಪ್ರೀತಿಗೆ ದಾರಿ ಇಲ್ಲದಂತಾಗುತ್ತದೆ.

ವೈದ್ಯ ಸಂಗಣ್ಣನವರು ಭವರೋಗದ ಮಾತನ್ನು ಆಡಿದ್ದು ದೇಹರೋಗದ ಚಿಕಿತ್ಸೆಯನ್ನು ಬಲ್ಲವರಾಗಿ. ಭವವನ್ನು ಗೆಲ್ಲಬೇಕಾದ ಸಾಧನೆಯೂ ಈ ಕಾಯದಲ್ಲಿಯೇ ನಡೆಯಬೇಕು. ಲಿಂಗವನ್ನು ಹಿಡಿಯುವ ಕೈ, ಲಾಳಿಯನ್ನು ನಡೆಸುವ ಕೈ, ಹಸಿದವರಿಗೆ ನೀಡುವ ಕೈ ಬೇರೆ ಬೇರೆಯಲ್ಲ. ಆ ಕೈಯ ಬಲವನ್ನು ಉಳಿಸಿಕೊಳ್ಳುವ ಎಚ್ಚರವನ್ನು ಗುರು ಬಸವಣ್ಣನವರು ಸಕಲ ಸದ್ಭಕ್ತರಿಗೂ ಕರುಣಿಸಲಿ.