ಖಾಡಿಯ ನರಿ

ಬೆಳಗಾಗೆದ್ದು ನರಿಯ ಮುಖ ಕಂಡರೆ ಶುಭವೆಂದು ನಮ್ಮ ಹಿರಿಯರು ನಂಬಿದ್ದರು. ಅನಿರೀಕ್ಷಿತವಾಗಿ ಲಾಭ ಪಡೆದವನನ್ನು “ಯಾವ ನರಿಯ ಮುಖ ನೋಡಿ ಎದ್ದೆಯೋ!” ಎಂದು ಕೇಳುವುದು ಇಂದಿಗೂ ಉಂಟು. ಆದರೆ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ನರಿಯೆಂದರೆ ಪಂಚತಂತ್ರದ ಕರಟಕ-ದಮನಕರು ಮಾತ್ರ. ಈ ಮಹಾನಗರದ ಸೆರಗಿನಲ್ಲಿಯೇ ನಿಜವಾದ ನರಿಗಳು ಸಂಸಾರ ಹೂಡಿವೆಯೆಂದರೆ ಅನೇಕರು ನಂಬಲಾರರು. ಅವುಗಳ ಮುಖವನ್ನು ಕಾಣಬೇಕು, ಸಾಧ್ಯವಾದರೆ ಚಿತ್ರವನ್ನೂ ತೆಗೆಯಬೇಕು ಎಂಬ ಹಂಬಲದಿಂದ ಕಳೆದ ಚಳಿಗಾಲದ ಅನೇಕ ಮುಂಜಾವುಗಳನ್ನು ನಾನು ಠಾಣೆಯ ಖಾಡಿಯ ದಂಡೆಯಲ್ಲಿ ಕಳೆದೆನು.

ಮುಂಬಯಿಗೂ ನವಿ ಮುಂಬಯಿಗೂ ನಡುವೆ ಚಾಚಿರುವ ಕಡಲಿನ ತೋಳೇ ಈ ಖಾಡಿ. ಇದರ ಸುಮಾರು 1,690 ಹೆಕ್ಟೇರು ಭಾಗವನ್ನು 2015ರಲ್ಲಿ ಫ್ಲೆಮಿಂಗೊ ಹಕ್ಕಿಗಳ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ದಡದುದ್ದಕ್ಕೂ ದಟ್ಟವಾದ ಕಾಡು. ನಮ್ಮ ಕರಾವಳಿಯವರು ಅದನ್ನು ಕಾಂಡ್ಲಾ ಎನ್ನುತ್ತಾರೆ, ಮರಾಠಿಗರು ಕಾಂದಳವನ ಎನ್ನುತ್ತಾರೆ. ಎರಡು ಮಾತುಗಳೂ ನೆಂಟರಂತೆ ಕಾಣುತ್ತವೆಯಲ್ಲವೆ? ಗಾಳಿಗಾಗಿ ಕೆಸರಿನಿಂದ ಮೇಲೆದ್ದ ಬೇರುಗಳು ಪೆನ್ಸಿಲುಗಳನ್ನು ನೆಟ್ಟಂತೆ ನಿಂತಿರುತ್ತವೆ. ಫ್ಲೆಮಿಂಗೊಗಳು ಸಾವಿರಗಟ್ಟಲೆ ಬಯಲಿನಲ್ಲಿ ನಿಂತು, ಚಿತ್ರ ತೆಗೆಯಿರೆಂದು ಕರೆಯುವಂತಿರುತ್ತವೆ. ನರಿಯು ಹಾಗಲ್ಲ.

ಮೊದಮೊದಲು ನಾನು ಸೂರ್ಯೋದಯವನ್ನು ನೋಡಿಕೊಂಡು ಹೋಗುತ್ತಿದ್ದೆನು. ಮೀನುಗಾರಿಕೆಯಲ್ಲಿ ಮುದುಕನಾದ ಒಬ್ಬ ಕೋಳಿ ಗೃಹಸ್ಥನು ನನ್ನ ಕಾಯುವಿಕೆಯನ್ನು ಕೆಲವು ದಿನ ನೋಡಿ, “ಮಾಸ್ತರ್, ಸೂರ್ಯನನ್ನು ಬಿಡಿ, ನೀರಿನ ವೇಳೆ ಕೇಳಿಕೊಂಡು ಬನ್ನಿ” ಎಂದನು. ಆ ಮಾತಿನಲ್ಲಿ ಎಲ್ಲವೂ ಇದ್ದಿತು. ಉಬ್ಬರವು ದಿನಕ್ಕೆರಡು ಸಲ ಬರುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನೀರಿಳಿದಾಗ ಕೆಸರಿನಲ್ಲಿ ಏಡಿಗಳು ಹೊರಬರುತ್ತವೆ, ಅವುಗಳ ಹಿಂದೆ ನರಿಯೂ ಬರುತ್ತದೆ. ಅಮಾವಾಸ್ಯೆ-ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲಿ ಕಾಡಿನೊಳಗೆಲ್ಲ ನೀರು ನುಗ್ಗುವುದರಿಂದ ಅದು ಒಡ್ಡಿನ ಕಡೆಗೆ ಸರಿಯಲೇಬೇಕು. ಅಂದಿನಿಂದ ಪಂಚಾಂಗವೂ ನನ್ನ ಕ್ಯಾಮರಾ ಚೀಲವನ್ನು ಸೇರಿತು.

ಮೊದಲು ದೊರೆತುದು ಹೆಜ್ಜೆಯ ಗುರುತು. ನಾಯಿಯದಕ್ಕಿಂತ ಸ್ವಲ್ಪ ಕಿರಿದು. ಅನಂತರ ಏಡಿಯ ಚಿಪ್ಪಿನ ಚೂರುಗಳಿದ್ದ ಹಿಕ್ಕೆ. ಒಂದು ಮುಂಜಾವಿನಲ್ಲಿ ಕೂಗು ಕೇಳಿಸಿತು. ನರಿಯ ಕೂಗು ಗಿರಿ ಮುಟ್ಟೀತೆ ಎನ್ನುತ್ತಾರೆ. ಇಲ್ಲಿ ಅದು ಹೆದ್ದಾರಿಯ ಲಾರಿಗಳ ಸದ್ದನ್ನೂ ದಾಟದು.

ಪುಷ್ಯದ ಅಮಾವಾಸ್ಯೆಯ ಮರುದಿನ ಅದು ಬಂದಿತು. ತಿವರದ ಪೊದೆಯಿಂದ ಮೊದಲು ಎರಡು ಕಿವಿಗಳು, ಬಳಿಕ ಕೆಸರು ಮೆತ್ತಿದ ಹೊಂಬಣ್ಣದ ಮೈ. ಒದ್ದೆಯಾದ ಮುಂಗಾಲನ್ನೆತ್ತಿ ಕೊಡಹಿ, ನನ್ನ ಕಡೆಗೇ ನೋಡಿತು. ಬೆಳಕು ಸಾಲದು, ಉಸಿರು ಬಿಗಿಹಿಡಿದು ಮೂರು ಸಲ ಗುಂಡಿಯೊತ್ತಿದೆನು. ಮೂರನೆಯ ಸದ್ದಿಗೆ ಅದು ಅಲ್ಲಿರಲಿಲ್ಲ.

ಚಿತ್ರದ ಆಸೆಗೆ ಕೋಳಿಮಾಂಸದ ತುಣುಕು ಚೆಲ್ಲಿ ನರಿಯನ್ನು ಕರೆಯುವವರನ್ನೂ ಅಲ್ಲಿ ಕಂಡಿದ್ದೇನೆ. ಇದು ನನಗೆ ಸ್ವಲ್ಪವೂ ಸೇರದು. ತುಣುಕಿಗೆ ಬೀದಿನಾಯಿಗಳೂ ಬರುತ್ತವೆ, ಅವುಗಳೊಡನೆ ರೋಗವೂ ಬರಬಹುದು. 2024ರಲ್ಲಿ ಚೆಂಬೂರಿನ ಕಡೆ ನರಿಗಳಲ್ಲಿ ಹುಚ್ಚುರೋಗ ಪತ್ತೆಯಾದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಮನುಷ್ಯನಿಗೆ ಹೆದರುವ ನರಿಯೇ ಬದುಕುವ ನರಿ. ಅದು ಸಲಿಗೆಯಿಂದ ಹತ್ತಿರ ಬಂದರೆ ನೀವು ದೂರ ಸರಿಯಿರಿ. ಕಚ್ಚಿದರಂತೂ ಗಾಯವನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಮೂರು ಚಿತ್ರಗಳಲ್ಲಿ ಎರಡು ಮಸುಕಾದವು. ಉಳಿದ ಒಂದರ ಹಿಂದೆ ತಿಥಿಯನ್ನೂ ಉಬ್ಬರದ ವೇಳೆಯನ್ನೂ ಬರೆದಿಟ್ಟಿದ್ದೇನೆ. ಸ್ಥಳದ ಹೆಸರನ್ನು ಬರೆದಿಲ್ಲ.