ವೆನಿಸ್ ಬೇಡಿದವಳಿಗೆ ಹಂಪೆ

ವೆನಿಸ್ ನಗರವನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬುದು ನನ್ನ ಸಹಧರ್ಮಿಣಿಯ ಬಹುದಿನದ ಹಂಬಲ. ನಮ್ಮ ಮದುವೆಯಾದ ವರ್ಷ ಯಾರೋ ಕೊಟ್ಟ ಕ್ಯಾಲೆಂಡರಿನಲ್ಲಿ ಆ ನಗರದ ಚಿತ್ರವಿತ್ತು: ಎರಡು ಸಾಲು ಮನೆಗಳ ನಡುವೆ ಬೀದಿಯ ಬದಲು ನೀರು, ನೀರಿನ ಮೇಲೊಂದು ಕರಿಯ ದೋಣಿ, ದೋಣಿಯಲ್ಲಿ ಗಂಡಹೆಂಡಿರು. ತಿಂಗಳ ಹಾಳೆಗಳೆಲ್ಲ ಹರಿದುಹೋದರೂ ಆ ಚಿತ್ರ ಮಾತ್ರ ನಮ್ಮ ಅಡುಗೆಮನೆಯ ಗೋಡೆಯಿಂದ ಇಳಿಯಲಿಲ್ಲ. ಆಸೆಗೆ ನೀರೆರೆದ ತಪ್ಪು ನನ್ನದೇ. ಹೊಸತರ ಹುರುಪಿನಲ್ಲಿ, “ಐದು ವರ್ಷದೊಳಗ ತೋರಸ್ತೀನಿ” ಎಂದು ಮಾತು ಕೊಟ್ಟುಬಿಟ್ಟಿದ್ದೆ. ಐದು ಹೋಗಿ ಒಂಬತ್ತಾಯಿತು. ಕನ್ನಡ ಉಪನ್ಯಾಸಕನ ಸಂಬಳ, ಮನೆಯ ಸಾಲದ ಕಂತು, ಮಗಳ ಶಾಲೆಯ ಶುಲ್ಕ, ಇವುಗಳ ಲೆಕ್ಕವನ್ನು ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಲ ಡಿಸೆಂಬರಿನ ರಜೆಗೆ ಮಾವನ ಮನೆಗೆ, ಮುಂಡರಗಿ ತಾಲೂಕಿನ ಕೊರ್ಲಹಳ್ಳಿಗೆ ಹೋಗಿದ್ದೆವು. ಊರು ತುಂಗಭದ್ರೆಯ ದಂಡೆಯ ಮೇಲಿದೆ. ಸೇತುವೆ ದಾಟಿದರೆ ಆಚೆಗೆ ಮದಲಗಟ್ಟಿ. ಸಂಜೆ ಹೊಳೆಯ ಕಡೆಗೆ ತಿರುಗಾಡಲು ಹೋದಾಗ ಹಳೆಯ ಮಾತು ಮತ್ತೆ ಬಂತು. ಸಾಲಗಾರನ ಜಾಣತನದಿಂದ ನಾನೆಂದೆ: “ಕಾಲುವೆಗಳ ಊರಲ್ಲೇನು ನಿನಗ ಬೇಕಾದದ್ದು? ನಾಳೆನ ತೋರಸ್ತೀನಿ, ನಡಿ ಹಂಪಿಗೆ.”

“ಹಂಪಿಯೊಳಗ ಕಾಲುವಿ ಎಲ್ಲಿ ಅದಾವರೀ? ಸಾಲಿ ಟ್ರಿಪ್ಪಿನಾಗ ಹೋಗಿದ್ದೆ. ಬರೇ ಕಲ್ಲು ನೋಡಿ ಬಂದೀನಿ.”

ಮಗಳನ್ನು ಅಜ್ಜಿಯ ಬಳಿ ಬಿಟ್ಟು, ಸಜ್ಜೆಯ ರೊಟ್ಟಿ, ಗುರೆಳ್ಳಿನ ಚಟ್ನಿಯ ಬುತ್ತಿ ಕಟ್ಟಿಕೊಂಡು, ನಸುಕಿನಲ್ಲಿಯೇ ಹೊರಟೆವು. ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಯ ಮೇಲೆ ಹೊಸಪೇಟೆಯ ದಾರಿ. ಬಸ್ಸಿನಲ್ಲಿ ನಾನು ಆಕೆಗೆ ವೆನಿಸ್ಸಿನವನೊಬ್ಬನ ಕಥೆ ಹೇಳಿದೆ. ನಿಕೊಲೊ ಕೊಂತಿ ಎಂಬ ಆ ವರ್ತಕ ಸುಮಾರು 1420ರಲ್ಲಿ ವಿಜಯನಗರವನ್ನು ಕಂಡವನು. ನಗರದ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿದವನು. ಪೂರ್ವ ದೇಶಗಳಲ್ಲಿ ಇಪ್ಪತ್ತೈದು ವರ್ಷ ಅಲೆದು, ಭಾರತದಲ್ಲಿಯೇ ಮದುವೆಯಾಗಿ, ಸಂಸಾರಸಹಿತ ಸ್ವದೇಶಕ್ಕೆ ಮರಳುತ್ತಿದ್ದಾಗ ಈಜಿಪ್ಟಿನಲ್ಲಿ ಪಿಡುಗಿಗೆ ಸಿಕ್ಕಿ ಅವನ ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಕೊಂಡರು. ಗಂಡನ ಊರಿನ ಕಾಲುವೆಗಳನ್ನು ಆಕೆ ನೋಡಲೇ ಇಲ್ಲ. ಅವನ ಪ್ರವಾಸಕಥನವನ್ನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬರೆದಿಟ್ಟನು.

“ಆಕಿ ಹೆಸರೇನರೀ?”

“ಅದರಾಗ ಬರದಿಲ್ಲ.”

“ಊರಿನ ಸುತ್ತಳತಿ ಹೇಳಾಕ ಆತು, ಹೇಣ್ತಿ ಹೆಸರು ಹೇಳಾಕ ಆಗಲಿಲ್ಲೇನು ಅವಗ?” ಎಂದು ಆಕೆ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ನನ್ನ ಕಥೆ ನನಗೇ ತಿರುಗುಬಾಣವಾಯಿತು.

ಹಂಪೆಯಲ್ಲಿ ಮೊದಲು ಅರಮನೆಯ ಆವರಣಕ್ಕೆ ಕರೆದೊಯ್ದೆ. ನನ್ನ ಪಾಂಡಿತ್ಯಕ್ಕೆ ಅಲ್ಲಿ ಅವಕಾಶ ಹೆಚ್ಚು. ಮಹಾನವಮಿ ದಿಬ್ಬದ ಸಮೀಪ 1980ರ ದಶಕದ ಉತ್ಖನನದಲ್ಲಿ ಬೆಳಕು ಕಂಡ ಮೆಟ್ಟಿಲುಗಳ ಪುಷ್ಕರಣಿಯಿದೆ. ಕರಿಯ ಕಲ್ಲು, ಯಾವ ಕಲ್ಲು ಎಲ್ಲಿ ಕೂಡಬೇಕೆಂಬುದಕ್ಕೆ ಒಂದೊಂದರ ಮೇಲೂ ಗುರುತು ಕೊರೆದಿದ್ದಾರೆ. ಅದರತ್ತ ಕಂಬಗಳ ಮೇಲೆ ಹಾದುಬರುವ ಕಲ್ಲಿನ ದೋಣಿಗಾಲುವೆ, ನೆಲದ ಮೇಲೆ ಹರಡಿದ ಬೇರೆ ಕಾಲುವೆಗಳು. ನುಣುಪಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು 1443ರಲ್ಲಿ ಇಲ್ಲಿಗೆ ಬಂದ ಅಬ್ದುಲ್ ರಜಾಕನು ಬರೆದಿದ್ದಾನೆ. ಇದನ್ನೆಲ್ಲ ತರಗತಿಯ ಧಾಟಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಆಕೆ ಕಲ್ಲಿನ ದೋಣಿಯೊಳಗೆ ಕೈಯಾಡಿಸಿದಳು. ಧೂಳು, ಒಣಗಿದ ಎಲೆ. ಬೆದರಿ ಓಡಿದ ಒಂದು ಓತಿಕೇತ.

“ನೀರಿಲ್ಲದ್ದಕ್ಕ ಕಾಲುವಿ ಅಂತಾರೇನ್ರೀ?”

ರಾಣಿಯ ಸ್ನಾನಗೃಹವನ್ನೂ ಅದರ ಸುತ್ತಣ ಅಗಳನ್ನೂ ತೋರಿಸಿದೆ. ಆಕೆ ಮಾತಾಡಲಿಲ್ಲ. ಬಿಸಿಲು ಏರಿತ್ತು. ಮಾತು ತಪ್ಪಿದ ಗಂಡನೆಂಬ ಅಳುಕು ನನ್ನ ಜೊತೆಗೇ ನಡೆಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕೃಷ್ಣ ದೇವಾಲಯದ ಕಡೆಗೆ ಬಂದೆವು. ಅಲ್ಲಿ ರಸ್ತೆಯಿಂದ ಕೆಳಗಿಳಿದರೆ ನೋಟವೇ ಬೇರೆ. ಬೋಳು ಬಂಡೆಗಳ ಗುಡ್ಡಗಳ ನಡುವೆ ಹಚ್ಚಗೆ ಒತ್ತೊತ್ತಾಗಿ ನಿಂತ ಬಾಳೆಯ ತೋಟಗಳು. ಉಗ್ರನರಸಿಂಹನನ್ನು (1528ರಲ್ಲಿ ಕೃಷ್ಣದೇವರಾಯನು ಪ್ರತಿಷ್ಠಿಸಿದ ಏಕಶಿಲಾಮೂರ್ತಿ) ನಾನು ನೋಡುತ್ತ ನಿಂತಿದ್ದೆ. ಈಕೆ ಪಕ್ಕದ ಬಡವಿಲಿಂಗದ ಗುಡಿಯ ಬಾಗಿಲಲ್ಲಿ ನಿಂತು, “ಇಲ್ಲಿ ಬರ್ರಿ, ಇಲ್ಲಿ” ಎಂದು ಕೂಗಿದಳು. ಮೂರು ಮೀಟರ್ ಎತ್ತರದ ಲಿಂಗ ನೀರಿನಲ್ಲಿ ನಿಂತಿದೆ. ಕಾಲುವೆಯ ನೀರು ಗುಡಿಯ ಒಳಗೇ ಹಾದುಹೋಗುತ್ತದೆ. ಬಡ ಹೆಂಗಸೊಬ್ಬಳು ಮಾಡಿಸಿದ್ದರಿಂದ ಆ ಹೆಸರೆಂದು ಪ್ರತೀತಿ. ಅರಮನೆಯ ದೋಣಿಯಲ್ಲಿ ಹನಿಯಿಲ್ಲ, ಬಡವಿಯ ದೇವರಿಗೆ ಮಾತ್ರ ನೀರು ತಪ್ಪಿಲ್ಲ.

ಆ ನೀರಿನ ಜಾಡು ಹಿಡಿದು ಆಕೆ ಮುಂದೆ, ನಾನು ಹಿಂದೆ. ಅದೇ ತುರ್ತು ಕಾಲುವೆಯ ಬಯಲು. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಒಡ್ಡು ಕಟ್ಟಿ ತಿರುಗಿಸಿದ ನೀರು, ಗುಡಿಗಳ ಸಾಲಿಗೂ ಅರಮನೆಯ ಬೀಡಿಗೂ ನಡುವಣ ಈ ಕಣಿವೆಯಲ್ಲಿ ಇಂದಿಗೂ ಬಾಳೆ, ಭತ್ತ, ಕಬ್ಬುಗಳನ್ನು ಬೆಳೆಸುತ್ತಿದೆ. 1565ರ ಯುದ್ಧದ ಬಳಿಕ ಅರಸರು ಬಿಟ್ಟುಹೋದರು, ಪೇಟೆಗಳು ಪಾಳುಬಿದ್ದವು. ಕಾಲುವೆಯನ್ನು ಒಕ್ಕಲಿಗರು ಉಳಿಸಿಕೊಂಡರು. ಮೂರು ಬಾರಿ ವಿದ್ಯಾರ್ಥಿಗಳನ್ನು ಹಂಪೆಗೆ ಕರೆತಂದ ನಾನು ಈ ತೋಟಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ, ಛಾಯಾಚಿತ್ರಕ್ಕೆ ಅಡ್ಡ ಬಂದವೆಂದು ಬೈದುಕೊಂಡವನು!

ಸಲಿಕೆ ಹಿಡಿದ ಹಿರಿಯನೊಬ್ಬ ತೋಟಕ್ಕೆ ನೀರು ತಿರುಗಿಸುತ್ತಿದ್ದ. ನಾನು ಕ್ಯಾಮೆರಾ ತೆಗೆಯುವಷ್ಟರಲ್ಲಿ ಈಕೆ ಅಂದಳು: “ಯಣ್ಣಾ, ಆ ಕಡೆ ಬದು ಒಡದೈತಿ ನೋಡ್ರಿ, ನೀರು ಹೊರಗ ಹೊಂಟೈತಿ.” ಆತ ಹೋಗಿ ಎರಡು ಸಲಿಕೆ ಮಣ್ಣೊಗೆದು ತುಳಿದು ಬಂದ.

“ಯಾವೂರಮ್ಮಾ ನಿಮ್ದು?”

“ಮುಂಡರಗಿ ಕಡೆ ಕೊರ್ಲಹಳ್ಳಿ. ಹೊಳಿ ದಂಡಿ.”

“ಹಂಗಾದ್ರೆ ನಿಮ್ಮೂರ ನೀರೇ ನಮ್ಮೂರಿಗೆ ಬರೋದು.”

ಇಬ್ಬರಿಗೂ ಮಾತು ಹತ್ತಿತು. ನೀರಿನ ಪಾಳಿ, ಹೂಳು, ಬಾಳೆಯ ಧಾರಣೆ. ನಾನು ನಡುವೆ ಬಾಯಿ ಹಾಕಿ, ಕಾಲುವೆ ಯಾವ ಅರಸನ ಕಾಲದ್ದೆಂದು ಗೊತ್ತೇ ಎಂದು ಕೇಳಿದೆ. “ನಮ್ಮ ತಾತನ ತಾತ ನೀರು ಕಟ್ಟಿದ್ದು ಇದ್ರಾಗೆ ಸಾರ್. ಅರಸರದು ನೀವು ಓದಿದೋರು ಹೇಳ್ಬೇಕು.”

ಕಾಲುವೆಯ ಪಕ್ಕದಲ್ಲಿಯೇ ಬುತ್ತಿ ಬಿಚ್ಚಿದೆವು. ಕಾಲುಗಳನ್ನು ನೀರಿಗೆ ಇಳಿಬಿಟ್ಟು ಕುಳಿತವಳ ಮುಖದಲ್ಲಿ ಬೆಳಗಿನ ಮುನಿಸು ಇರಲಿಲ್ಲ. ಓದಿದವನು ಹೇಳಬೇಕಲ್ಲ, ಹೇಳಿದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಬಂದಿದ್ದ ಪೋರ್ಚುಗೀಸ ಪಾಯಸನು ಇಲ್ಲಿ ಒಂದು ದೊಡ್ಡ ಕೆರೆ ಕಟ್ಟುವುದನ್ನು ಕಂಡನು. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರಂತೆ. ಕೆರೆ ಎರಡು ಮೂರು ಸಲ ಒಡೆಯಿತು; ದೇವರು ಬಲಿ ಬೇಡಿತೆಂದು ಅರವತ್ತು ಜನರ ತಲೆ ಕಡಿಸಲಾಯಿತೆಂದೂ ಅವನು ಬರೆದಿದ್ದಾನೆ.

ಆಕೆ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಮ್ಮ ಅತ್ತಿ ಮನಿ ನೆನಪೈತೇನ್ರಿ?” ಎಂದಳು.

ನೆನಪಿತ್ತು. ಕೊರ್ಲಹಳ್ಳಿಯಿಂದ ಹೊಳೆಯ ಮೇಲುಗಡೆ, ಸಿಂಗಟಾಲೂರು ಏತ ನೀರಾವರಿಗೆಂದು ಹಮ್ಮಿಗಿಯಲ್ಲಿ ಬ್ಯಾರೇಜು ಕಟ್ಟಿದಾಗ ಹಿನ್ನೀರಿನ ಪಾಲಿಗೆ ಬಂದ ಊರುಗಳಲ್ಲಿ ಆಕೆಯ ಸೋದರತ್ತೆಯ ಊರೂ ಒಂದು. ಮದುವೆಯ ಹೊಸದರಲ್ಲಿ ನಾವು ಉಂಡು ಬಂದ ಪಡಸಾಲೆ, ಬಾಗಿಲ ಬೇವಿನ ಮರ. ಅತ್ತೆ ಈಗ ಎತ್ತರದ ಜಾಗದ ಹೊಸ ಮನೆಯಲ್ಲಿದ್ದಾಳೆ. ಹೊಳೆಗೆ ನೀರು ಬಂದಾಗಲೆಲ್ಲ ಹಳೆಯ ಊರಿನ ದಿಕ್ಕಿಗೆ ನೋಡುತ್ತ ಕೂಡುತ್ತಾಳೆ. “ಯಾರದರ ಹೊಲಕ್ಕ ನೀರು ಹೋದರ ಚಲೋನ ಆತು ಬಿಡ. ಆದರ ಆ ನೀರು ಕುಡಿಯೋ ಮಂದಿಗೆ ನಮ್ಮ ಮನಿ ಇತ್ತಂತ ಗೊತ್ತಿರಬೇಕಲ್ಲ” ಎಂದು ಒಮ್ಮೆ ಅಂದಿದ್ದಳು.

ಹಳೆಯ ಕಾಲುವೆಗೂ ಆ ಗತಿ ತಪ್ಪಿಲ್ಲ. ವಿಜಯನಗರದವರು ವಲ್ಲಭಾಪುರದಲ್ಲಿ ಕಟ್ಟಿದ್ದ ಒಡ್ಡು, 1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. ಅಲ್ಲಿಂದ ಹೊರಡುತ್ತಿದ್ದ ಬಸವಣ್ಣ ಕಾಲುವೆಗೆ ಈಗ ಜಲಾಶಯದಿಂದಲೇ ನೀರು.

ವಾತಾವರಣ ತಿಳಿಯಾಗಲೆಂದು ವೆನಿಸ್ಸಿನ ಮಾತು ತೆಗೆದೆ. ಅಲ್ಲಿಯ ಕಾಲುವೆಗಳದು ಸಮುದ್ರದ ಉಪ್ಪುನೀರು. ಸುತ್ತಲೂ ನೀರಿದ್ದರೂ ಕುಡಿಯಲು ಇಲ್ಲದೆ ಆ ಜನ ಶತಮಾನಗಟ್ಟಲೆ ಅಂಗಳದ ಬಾವಿಗಳಲ್ಲಿ ಮಳೆನೀರು ಹಿಡಿದಿಟ್ಟುಕೊಂಡರು. ಮುಖ್ಯನೆಲದಿಂದ ಕೊಳವೆಯಲ್ಲಿ ನೀರು ಬಂದದ್ದು 1884ರಲ್ಲಿ. 2019ರ ನವೆಂಬರಿನಲ್ಲಿ ಸಮುದ್ರವುಬ್ಬಿ ನೀರಿನ ಮಟ್ಟ 187 ಸೆಂಟಿಮೀಟರಿಗೇರಿತ್ತು. ಹಳೆಯ ನಗರದ ನಿವಾಸಿಗಳು ಐವತ್ತು ಸಾವಿರಕ್ಕಿಂತ ಕಡಿಮೆಯಾಗಿದ್ದಾರೆ. 2024ರಿಂದ, ಜನಸಂದಣಿಯ ಕೆಲವು ದಿನಗಳಂದು, ಒಂದು ದಿನದ ಮಟ್ಟಿಗೆ ಬಂದುಹೋಗುವವರಿಗೆ ಪ್ರವೇಶಶುಲ್ಕವನ್ನೂ ಇಟ್ಟಿದ್ದಾರೆ.

“ಇರೋರು ಕಡಿಮಿ, ನೋಡೋರು ಜಾಸ್ತಿ ಅಂದಂಗಾತು” ಎಂದಳು.

ಸಂಜೆ ವಿರೂಪಾಕ್ಷನ ದರ್ಶನ ಮಾಡಿ ತೇರುಬೀದಿಯಲ್ಲಿ ನಡೆದೆವು. ಇಕ್ಕೆಲದ ಸಾಲುಮಂಟಪಗಳಲ್ಲಿ ಒಂದು ಕಾಲಕ್ಕೆ ಸಂಸಾರಗಳಿದ್ದವು, ಅಂಗಡಿಗಳಿದ್ದವು. 2011ರಲ್ಲಿ ಅವರನ್ನು ತೆರವುಗೊಳಿಸಲಾಯಿತು. ಸ್ಮಾರಕದ ರಕ್ಷಣೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಒಲೆಯ ಹೊಗೆಯ ಕಪ್ಪು ಹಿಡಿದ ಒಂದು ಕಲ್ಲಿನ ಮೂಲೆಯನ್ನು ಈಕೆ ಬೆರಳಿಟ್ಟು ತೋರಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ರಾತ್ರಿಯ ಬಸ್ಸಿನಲ್ಲಿ ನನ್ನ ಹೆಗಲಿಗೊರಗಿ ನಿದ್ದೆಹೋಗಿದ್ದವಳು ಕೊರ್ಲಹಳ್ಳಿಯ ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾದದ್ದೇ ತಡ ಎಚ್ಚತ್ತಳು. ಹುಟ್ಟಿದ ಊರಿನ ಹೊಳೆಯನ್ನು ಕತ್ತಲಲ್ಲಿಯೂ ಗುರುತಿಸಿ ಕೈಮುಗಿದಳು. ಸಾಲ ತೀರಿತೆಂದು ನಾನು ಮನಸ್ಸಿನಲ್ಲಿಯೇ ಹಿಗ್ಗುತ್ತಿದ್ದೆ.

“ಚಲೋ ಆತರೀ ಇವತ್ತು,” ಎಂದಳು, ಚೀಲ ಎತ್ತಿಕೊಳ್ಳುತ್ತ. “ವೆನಿಸ್ಸಿಗೆ ಯಾವಾಗ?”